ಏಣಿ ಹಾಕಿ ದಾಟಿದ ಮೂಲೆ: ಅಮೆರಿಕದ ಸಾರ್ವಜನಿಕ ಭೂಮಿ ಮಾರಾಟ ಮತ್ತು ಬೇಟೆಗಾರರ ದಾರಿ

2021ರಲ್ಲಿ ಮಿಸೌರಿ ರಾಜ್ಯದ ನಾಲ್ವರು ಬೇಟೆಗಾರರು ವಯೋಮಿಂಗ್‌ಗೆ ಹೊರಟಾಗ, ಬೇಟೆಯ ಸಾಮಾನಿನ ಜೊತೆಗೆ ಒಂದು ಏಣಿಯನ್ನೂ ಗಾಡಿಗೆ ಏರಿಸಿದರು. ಮರ ಹತ್ತಲು ಅಲ್ಲ. ಎಲ್ಕ್ ಮೌಂಟನ್ ಎಂಬ ಬೆಟ್ಟದ ಬುಡದಲ್ಲಿ, ಬಯಲಿನ ನಡುವೆ, ಒಂದು ಬಿಂದುವನ್ನು ದಾಟಲು. ಎರಡು ಸರ್ಕಾರಿ, ಎರಡು ಖಾಸಗಿ ಚೌಕಗಳ ಮೂಲೆಗಳು ಅಲ್ಲಿ ಕೂಡುತ್ತವೆ, ನಮ್ಮ ಬಾಂದುಕಲ್ಲಿನ ಹಾಗೆ ಸರ್ವೆ ಗುರುತು ಇದೆ. ಅದರ ಎರಡು ಬದಿಗೆ ಜಮೀನಿನ ಒಡೆಯರು ಕಬ್ಬಿಣದ ಕಂಬ ನೆಟ್ಟು, ನಡುವೆ ಸರಪಳಿ ಬಿಗಿದು, ಒಳಗೆ ಬರಬಾರದೆಂಬ ಫಲಕ ತೂಗುಹಾಕಿದ್ದರು. ಹಿಂದಿನ ವರ್ಷ ಬಂದಿದ್ದವರು ಆ ಕಂಬಗಳನ್ನೇ ಹಿಡಿದು ಸುತ್ತು ಹಾಕಿ ಆಚೆ ದಾಟಿದ್ದರು. ಈ ಸಲ ಕಂಬವನ್ನೂ ಮುಟ್ಟಿದೆವೆಂಬ ಮಾತು ಬರಬಾರದೆಂದು ಏಣಿ. ಸರ್ಕಾರಿ ಜಾಗದಲ್ಲಿ ಹತ್ತಿ ಸರ್ಕಾರಿ ಜಾಗದಲ್ಲೇ ಇಳಿದರು. ಖಾಸಗಿ ನೆಲವನ್ನು ಕಾಲಲ್ಲಿ ಸೋಕಲೂ ಇಲ್ಲ.

ಆದರೂ ಅತಿಕ್ರಮ ಪ್ರವೇಶದ ಮೊಕದ್ದಮೆ ಬಿತ್ತು. 2022ರಲ್ಲಿ ಜ್ಯೂರಿ ಅವರನ್ನು ಬಿಡುಗಡೆ ಮಾಡಿತು. ಅಷ್ಟರಲ್ಲಿ ಜಮೀನಿನ ಒಡೆಯರು ಸಿವಿಲ್ ದಾವೆಯನ್ನೂ ಹೂಡಿದ್ದರು. ಮೂಲೆ ದಾಟಬಹುದು ಎಂದಾದರೆ ತಮ್ಮ ಜಮೀನಿನ ಬೆಲೆ ಕುಸಿಯುತ್ತದೆ, ಆ ನಷ್ಟ 77 ಲಕ್ಷ ಡಾಲರ್‌ಗೂ ಹೆಚ್ಚು ಎಂಬುದು ಅವರ ಲೆಕ್ಕ. ಈ ಲೆಕ್ಕವನ್ನು ಸ್ವಲ್ಪ ನಿಂತು ನೋಡಬೇಕು. ಅದರಲ್ಲಿ ಒಂದು ಭಾಗ ಅವರ ಸ್ವಂತ ಮಣ್ಣಿನ ಬೆಲೆಯಲ್ಲ. ಅವರ ಜಮೀನಿನ ನಡುವೆ ಸಿಕ್ಕಿಕೊಂಡಿರುವ, ಇಡೀ ದೇಶಕ್ಕೆ ಸೇರಿದ ಸಾವಿರಾರು ಎಕರೆಗೆ ಬೇರೆ ಯಾರೂ ಬರಲಾಗುವುದಿಲ್ಲ ಎಂಬುದರ ಬೆಲೆ.

ಅಮೆರಿಕದಲ್ಲಿ ಸಾರ್ವಜನಿಕ ಭೂಮಿ ಮಾರುವ ಮಾತು ಎದ್ದಾಗಲೆಲ್ಲ ಎಷ್ಟು ಎಕರೆ, ಶೇಕಡ ಎಷ್ಟು ಎಂದೇ ಚರ್ಚೆ ನಡೆಯುತ್ತದೆ. ಬೇಟೆಗಾರರು ಮತ್ತು ಗಾಳದವರು ಕೇಳುವ ಪ್ರಶ್ನೆ ಬೇರೆ: ಯಾವ ಎಕರೆ?

ಒಂಟೆಯ ನಡೆ

ಮೊದಲು ನಕಾಶೆ ಅರ್ಥವಾಗಬೇಕು. 1785ರ ಭೂ ಕಾಯ್ದೆಯಿಂದ ಶುರುವಾಗಿ ಅಮೆರಿಕದ ಬಹುಭಾಗವನ್ನು ಚೌಕ ಚೌಕವಾಗಿ ಅಳೆದರು. ಒಂದು ಮೈಲಿ ಉದ್ದ, ಒಂದು ಮೈಲಿ ಅಗಲದ ಚೌಕಕ್ಕೆ ಸೆಕ್ಷನ್ ಎಂದು ಹೆಸರು, ಅಂದರೆ 640 ಎಕರೆ. ಹೊಳೆ ಹರಿದತ್ತ, ಗುಡ್ಡ ತಿರುಗಿದತ್ತ ಎಲ್ಲೆ ತಿರುಗುವ ನಮ್ಮ ಸರ್ವೆ ನಂಬರುಗಳಿಗೂ ಇದಕ್ಕೂ ಹೋಲಿಕೆಯೇ ಇಲ್ಲ. 1862ರಲ್ಲಿ ಪಶ್ಚಿಮಕ್ಕೆ ರೈಲು ಹಾಕಲು ಹಣ ಬೇಕಾಯಿತು. ಸರ್ಕಾರದ ಬಳಿ ಹಣವಿರಲಿಲ್ಲ, ನೆಲವಿತ್ತು. (ಆ ನೆಲ ಯಾರಿಂದ ಬಂತು ಎಂಬುದಕ್ಕೆ ಆಮೇಲೆ ಬರುತ್ತೇನೆ.) ಹಳಿಯ ಎರಡೂ ಬದಿಗೆ ಒಂದು ಚೌಕ ಬಿಟ್ಟು ಒಂದು ಚೌಕದಂತೆ ರೈಲು ಕಂಪನಿಗಳಿಗೆ ಕೊಟ್ಟರು. ರೈಲು ಬಂದರೆ ಉಳಿದ ಚೌಕಗಳ ಬೆಲೆ ಏರುತ್ತದೆ, ಆಗ ಮಾರೋಣ ಎಂಬುದು ಸರ್ಕಾರದ ಎಣಿಕೆ. ಒಣ ಪ್ರದೇಶದಲ್ಲಿ ಅವನ್ನು ಕೇಳುವವರೇ ಬರಲಿಲ್ಲ. ಕಂಪನಿಯ ಚೌಕಗಳು ಕೈಯಿಂದ ಕೈಗೆ ಹೋಗಿ ದೊಡ್ಡ ರಾಂಚುಗಳಾದವು, ಅಂದರೆ ದನ ಕುರಿ ಮೇಯಿಸುವ ಖಾಸಗಿ ಜಮೀನುಗಳಾದವು, ಸರ್ಕಾರದ ಚೌಕಗಳು ಸರ್ಕಾರದಲ್ಲೇ ಉಳಿದವು.

ಹೀಗೆ ವಯೋಮಿಂಗ್‌ನ ದಕ್ಷಿಣ ಭಾಗ ಚದುರಂಗದ ಹಾಸಾಯಿತು. ಕಪ್ಪು ಮನೆ ಖಾಸಗಿ, ಬಿಳಿ ಮನೆ ಸಾರ್ವಜನಿಕ ಎನ್ನಿ. ಚದುರಂಗದ ಒಂಟೆ ಬಿಳಿ ಮನೆಯಿಂದ ಬಿಳಿ ಮನೆಗೆ ಮೂಲೆಯ ಮೂಲಕ ಹಾಯಾಗಿ ಸಾಗುತ್ತದೆ. ಮನುಷ್ಯನಿಗೆ ಹಾಗೆ ಸಾಗಲಾಗದು, ಏಕೆಂದರೆ ಅವನಿಗೆ ಮೈ ಇದೆ. ಕಾಲು ಬಿಳಿ ಮನೆಯಲ್ಲೇ ಇದ್ದರೂ ಭುಜ ಒಂದು ಕ್ಷಣ ಕಪ್ಪು ಮನೆಯ ಮೇಲಿನ ಗಾಳಿಯನ್ನು ಹಾಯ್ದು ಹೋಗುತ್ತದೆ. ಆ ಗಾಳಿಯೂ ತನ್ನದೇ ಎಂದು ಒಡೆಯ ವಾದಿಸಬಹುದು. ಎಲ್ಕ್ ಮೌಂಟನ್‌ನಲ್ಲಿ ಆದದ್ದು ಅದೇ ವಾದ.

ಬೇಟೆಯ ನಕಾಶೆಗಳನ್ನು ಮಾಡುವ ಆನ್‌ಎಕ್ಸ್ ಕಂಪನಿ 2022ರಲ್ಲಿ ಎಣಿಸಿದಂತೆ, ಪಶ್ಚಿಮದ ರಾಜ್ಯಗಳಲ್ಲಿ ಮೂಲೆಯಿಂದ ಮಾತ್ರ ಮುಟ್ಟಬಹುದಾದ ಸಾರ್ವಜನಿಕ ಭೂಮಿ ಸುಮಾರು 83 ಲಕ್ಷ ಎಕರೆ. ಮೂಲೆಯೂ ಇಲ್ಲದೆ ಸುತ್ತಲೂ ಖಾಸಗಿ ಜಮೀನಿನೊಳಗೆ ಹುದುಗಿಹೋದದ್ದು ಬೇರೆ. ನಕಾಶೆಯಲ್ಲಿ ದಾರಿ ಇಲ್ಲದ ಹೊಲದ ಪಾಡು ನಮ್ಮ ಹಳ್ಳಿಯವರಿಗೆ ಗೊತ್ತು. ಪಹಣಿಯಲ್ಲಿ ಹೆಸರಿರುತ್ತದೆ, ಪಕ್ಕದವನು ಬಂಡಿ ಬಿಡದಿದ್ದರೆ ಬೆಳೆ ಹೊಲದಲ್ಲೇ ಉಳಿಯುತ್ತದೆ. ಅಮೆರಿಕದ ಪ್ರಜೆ ಈ ಲಕ್ಷಾಂತರ ಎಕರೆಗೆ ಅಂಥ ಒಡೆಯ.

ಬೇಟೆಗಾರನಿಗೆ ಇದರಲ್ಲೇನು?

ನಮ್ಮ ಓದುಗರಿಗೆ ಇಲ್ಲೊಂದು ತೊಡಕಿದೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆ ಎಂದರೆ ಅಪರಾಧ. ಕಾವೇರಿಯ ದಡದಲ್ಲಿ, ಭೀಮೇಶ್ವರಿ ಗಾಲಿಬೋರೆಗಳ ಕಡೆ, ಮಹಸೀರ್ ಹಿಡಿದು ಮತ್ತೆ ನೀರಿಗೆ ಬಿಡುವ ಗಾಳದ ಆಟವೊಂದಿತ್ತು. ಅಭಯಾರಣ್ಯದೊಳಗೆ ಅದೂ ನಿಂತಿತು. ಹಾಗಾಗಿ ಕಾಡು ಉಳಿಸಿ ಎಂದು ಬೀದಿಗಿಳಿಯುವವನು ಬೇಟೆಗಾರ ಎಂದರೆ ನಮಗೆ ನಂಬಿಕೆ ಬರುವುದು ಕಷ್ಟ. ಅಲ್ಲಿ ಹಾಗಲ್ಲ. 2022ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಅಮೆರಿಕದಲ್ಲಿ ಬೇಟೆಯಾಡುವವರು ಸುಮಾರು 1.44 ಕೋಟಿ, ಮೀನು ಹಿಡಿಯುವವರು ಸುಮಾರು 4 ಕೋಟಿ. ಇವರಲ್ಲಿ ಬಹುಪಾಲು ಮಂದಿಗೆ ಸ್ವಂತ ಕಾಡಾಗಲಿ ಹೊಳೆಯಾಗಲಿ ಇಲ್ಲ.

ಅಲ್ಲಿನ ಕಾನೂನಿನ ತಳಪಾಯ ಒಂದು ವಿಚಿತ್ರ ಜೋಡಿ. ಕಾಡುಪ್ರಾಣಿ ಎಲ್ಲರದು, ಅದನ್ನು ರಾಜ್ಯವು ಜನರ ಪರವಾಗಿ ನೋಡಿಕೊಳ್ಳುತ್ತದೆ. ಆದರೆ ನೆಲ ಯಾರದೋ ಅವರದು. ರಾಂಚಿನ ಹುಲ್ಲು ಮೇಯುತ್ತಿರುವ ಎಲ್ಕ್, ಅಂದರೆ ನಮ್ಮ ಕಡವೆಯ ದೊಡ್ಡಣ್ಣ, ಆ ರಾಂಚಿನ ಒಡೆಯನ ಆಸ್ತಿಯಲ್ಲ. ಹಾಗೆಂದು ಪರವಾನಗಿ ಹಿಡಿದು ನಿಂತ ಬೇಟೆಗಾರ ಅಲ್ಲಿಗೆ ಕಾಲಿಡುವಂತೆಯೂ ಇಲ್ಲ. ಇಂಗ್ಲೆಂಡಿನಲ್ಲಿ ಬೇಟೆಯ ಹಕ್ಕು ನೆಲಕ್ಕೆ ಅಂಟಿಕೊಂಡು ಬರುತ್ತದೆ. ಅಮೆರಿಕ ಆ ದೊರೆತನವನ್ನು ಒಲ್ಲೆ ಎಂದಿತು. ಆದರೆ ಒಲ್ಲೆ ಎಂಬ ಮಾತಿಗೆ ಬೆಲೆ ಬರಬೇಕಾದರೆ ಸಾಮಾನ್ಯನೂ ಕಾಲಿಡಬಹುದಾದ ನೆಲ ಇರಬೇಕು. ಪಶ್ಚಿಮದಲ್ಲಿ ಆ ನೆಲವೇ ಸಾರ್ವಜನಿಕ ಭೂಮಿ.

ಅದರ ಅಗಲವನ್ನು ನಮ್ಮ ಅಳತೆಯಲ್ಲಿ ಹೇಳುವುದಾದರೆ, ಒಕ್ಕೂಟ ಸರ್ಕಾರದ ಕೈಯಲ್ಲಿರುವುದು ಸುಮಾರು 64 ಕೋಟಿ ಎಕರೆ, ಹದಿಮೂರು ಕರ್ನಾಟಕಗಳಿಗಿಂತ ಹೆಚ್ಚು. ಅದರಲ್ಲಿ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಇಲಾಖೆಯದು ಸುಮಾರು 24.5 ಕೋಟಿ ಎಕರೆ, ಫಾರೆಸ್ಟ್ ಸರ್ವೀಸಿನದು 19.3 ಕೋಟಿ. ನೆವಾಡಾ ರಾಜ್ಯದ ಶೇ. 80ರಷ್ಟು ಭೂಮಿ ಒಕ್ಕೂಟದ್ದು. ಅಯೋವಾದಲ್ಲಿ ಶೇ. 1 ಕೂಡ ಇಲ್ಲ. ರಾಷ್ಟ್ರೀಯ ಉದ್ಯಾನಗಳು ಪೋಸ್ಟರಿನಲ್ಲಿ ಬರುತ್ತವೆ, ಆದರೆ ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಬೇಟೆಯಿಲ್ಲ. ಬೇಟೆಗಾರನ ಮನೆ ಈ ಎರಡು ಇಲಾಖೆಗಳ ನೆಲ: ಸೇಜ್ ಪೊದೆಯ ಬಯಲು, ಒಣ ಕೊರಕಲು, ಪೈನ್ ಕಾಡು. ನೋಡಲು ಅಷ್ಟೇನೂ ಚೆಂದವಲ್ಲ. ಚೆಂದವಲ್ಲ ಎಂಬುದೇ ಅದಕ್ಕೆ ಆಪತ್ತು.

ಹಣದ ಲೆಕ್ಕವೂ ಇದಕ್ಕೇ ಕಟ್ಟಿಕೊಂಡಿದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ಉದ್ದ ನಳಿಕೆಯ ಬಂದೂಕು ಮತ್ತು ಮದ್ದುಗುಂಡಿನ ಮೇಲೆ ಶೇ. 11 ತೆರಿಗೆ, 1950ರ ಡಿಂಗೆಲ್-ಜಾನ್ಸನ್ ಕಾಯ್ದೆಯಂತೆ ಗಾಳದ ಸಲಕರಣೆಯ ಮೇಲೆ ಶೇ. 10 ತೆರಿಗೆ. ಈ ಹಣ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ, ಹಂಚುವಾಗ ಎಷ್ಟು ಜನ ಪರವಾನಗಿ ಕೊಂಡರು ಎಂಬುದನ್ನೂ ನೋಡುತ್ತಾರೆ. ಹೋಗಲು ಜಾಗವಿಲ್ಲದವನು ಪರವಾನಗಿ ಕೊಳ್ಳುವುದಿಲ್ಲ, ಮಗನನ್ನು ಕರೆದುಕೊಂಡು ಹೋಗುವುದೂ ಇಲ್ಲ. ದಾರಿ ಮುಚ್ಚಿದರೆ ನಾಲ್ಕು ಜನರ ಖುಷಿ ಹೋಗುತ್ತದೆ ಎಂಬಷ್ಟಕ್ಕೇ ಮಾತು ನಿಲ್ಲುವುದಿಲ್ಲ. ಗೂಬೆ, ಆಮೆಗಳನ್ನು ನೋಡಿಕೊಳ್ಳುವ ಇಲಾಖೆಯ ಸಂಬಳಕ್ಕೂ ಅದು ತಾಕುತ್ತದೆ.

ಶೇಕಡ ಅರ್ಧದ ಮೋಸ

ಪಶ್ಚಿಮವನ್ನು ಬಿಟ್ಟಿಯಾಗಿ ಇಲ್ಲವೇ ಅಗ್ಗಕ್ಕೆ ಹಂಚುವ ಕಾಲವೊಂದಿತ್ತು. 1862ರ ಹೋಮ್‌ಸ್ಟೆಡ್ ಕಾಯ್ದೆ ಉತ್ತು ನಿಲ್ಲುವವನಿಗೆ 160 ಎಕರೆ ಕೊಟ್ಟಿತು. 1976ರಲ್ಲಿ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಸಾಕು ಎಂದಿತು. ಉಳಿದ ಭೂಮಿ ರಾಷ್ಟ್ರದ ಬಳಿಯೇ ಇರಬೇಕು, ಮಾರುವುದಾದರೆ ಯೋಜನೆ, ವಿಚಾರಣೆ ನಡೆಸಿ ನಿರ್ದಿಷ್ಟ ಕಾರಣ ತೋರಿಸಿ ತುಂಡು ತುಂಡಾಗಿ ಮಾರಬೇಕು ಎಂದು ಫ್ಲಿಪ್ಮಾ ಎಂದು ಕರೆಯುವ ಕಾಯ್ದೆ ಹೇಳಿತು. ಅಂದರೆ ಇಂದಿಗೂ ಮಾರಾಟ ನಡೆಯುತ್ತದೆ, ನಿಧಾನವಾಗಿ. 2000ದ ಇನ್ನೊಂದು ಕಾಯ್ದೆ ಹಾಗೆ ಬಂದ ಹಣದ ದೊಡ್ಡ ಪಾಲನ್ನು ಬೇರೆಡೆ ಒಳ್ಳೆಯ ಜಾಗ, ದಾರಿ ಕೊಳ್ಳಲು ಬಳಸಬೇಕೆಂದಿತು. ಇದು ಕೆಟ್ಟ ವ್ಯವಸ್ಥೆಯೇನಲ್ಲ. ನಾನು ಮಾರಾಟ ಎಂಬ ಪದಕ್ಕೇ ಬೆಚ್ಚುವವನಲ್ಲ.

2025ರ ಜೂನ್‌ನಲ್ಲಿ ಬಂದದ್ದು ಬೇರೆ ಜಾತಿಯದು. ಯೂಟಾದ ಸೆನೆಟರ್ ಮೈಕ್ ಲೀ, ದೊಡ್ಡ ಬಜೆಟ್ ಮಸೂದೆಯೊಳಗೆ ಒಂದು ಪ್ರಸ್ತಾವ ಸೇರಿಸಿದರು: ಹನ್ನೊಂದು ಪಶ್ಚಿಮ ರಾಜ್ಯಗಳಲ್ಲಿ ಆ ಎರಡು ಇಲಾಖೆಗಳ ಭೂಮಿಯಲ್ಲಿ ಶೇ. 0.5ರಿಂದ 0.75ರಷ್ಟನ್ನು ಮಾರಲೇಬೇಕು. ಮೊಂಟಾನಾವನ್ನು ಹೊರಗಿಟ್ಟಿದ್ದರು. ಒಟ್ಟು ಸುಮಾರು 22ರಿಂದ 33 ಲಕ್ಷ ಎಕರೆ, ಎರಡು ಮೂರು ಕೊಡಗು ಜಿಲ್ಲೆಗಳಷ್ಟು. ಕಾರಣ, ಮನೆಗಳ ಕೊರತೆ. ಉದ್ಯಾನಗಳು, ಸಂರಕ್ಷಿತ ಕಾಡುಗಳು ಇದರಲ್ಲಿ ಸೇರಿರಲಿಲ್ಲ. ನೂರಕ್ಕೆ ಒಂದು ಕೂಡ ಅಲ್ಲವಲ್ಲ, ಇದಕ್ಕೇಕೆ ಇಷ್ಟು ಗದ್ದಲ ಎಂದು ಕೇಳಿದವರಿದ್ದರು.

ಕಾಗದ ತೆಗೆದುಕೊಂಡು ಒಂದು ಚಿತ್ರ ಬರೆಯಿರಿ. ಒಂದು ಕಣಿವೆ. ನಡುವೆ ಜಿಲ್ಲಾ ರಸ್ತೆ. ರಸ್ತೆಯ ಎರಡೂ ಕಡೆ ರಾಂಚುಗಳು, ಏಕೆಂದರೆ ನೀರಿದ್ದ ತಗ್ಗು ನೆಲವನ್ನು ಹೋಮ್‌ಸ್ಟೆಡ್ ಕಾಲದವರು ಮೊದಲೇ ಹಿಡಿದಿದ್ದರು. ರಾಂಚುಗಳ ಹಿಂದೆ ಬೆಟ್ಟದವರೆಗೆ ಹತ್ತು ಸಾವಿರ ಎಕರೆ ಸರ್ಕಾರಿ ಭೂಮಿ. ಒಂದೇ ಕಡೆ, ನಲವತ್ತು ಎಕರೆಯ ಸರ್ಕಾರಿ ತುಂಡೊಂದು ರಸ್ತೆಗೆ ತಾಗಿಕೊಂಡಿದೆ. ಅಲ್ಲಿ ಗಾಡಿ ನಿಲ್ಲಿಸಿ ಜನ ಹತ್ತುತ್ತಾರೆ. ಈಗ ಆ ನಲವತ್ತು ಎಕರೆಯನ್ನು ಮಾರಿ. ಮಾರಿದ್ದು ಶೇ. 0.4. ಹೋದದ್ದು ಹತ್ತು ಸಾವಿರವೂ. ಕೊಂಡವನು ಸಂತೋಷದಿಂದ ಹೆಚ್ಚಿನ ಬೆಲೆ ಕೊಡುತ್ತಾನೆ. ಅವನು ಕೊಳ್ಳುತ್ತಿರುವುದು ನಲವತ್ತು ಎಕರೆ ಹುಲ್ಲನ್ನಲ್ಲ, ಬೀಗವನ್ನು.

ಇದು ನಾನು ಬರೆದ ಚಿತ್ರ. ಆದರೆ ಮನೆ ಕಟ್ಟಲು ಯಾವ ನೆಲ ಬೇಕು ನೋಡಿ: ರಸ್ತೆಯ ಪಕ್ಕದ್ದು, ಊರಿನ ಹತ್ತಿರದ್ದು, ತಗ್ಗಿನದು, ಸಮತಟ್ಟಾದದ್ದು. ಬೆಟ್ಟದ ತುದಿಯ ಬಂಡೆಯನ್ನು ಯಾರೂ ಕೊಳ್ಳುವುದಿಲ್ಲ. ಹಿಮ ಬಿದ್ದಾಗ ಎಲ್ಕ್, ಮ್ಯೂಲ್ ಜಿಂಕೆಗಳು ಮೇಲಿನ ಕಾಡು ಬಿಟ್ಟು ಇಳಿದು ಬರುವುದೂ ಇದೇ ತಗ್ಗಿನ ಸೇಜ್ ಬಯಲಿಗೆ. ಶನಿವಾರ ಬೆಳಿಗ್ಗೆ ಎರಡು ಗಂಟೆ ಬಿಡುವು ಮಾಡಿಕೊಂಡು ಬಂದೂಕೋ ಗಾಳವೋ ಹಿಡಿದು ಹೊರಡುವ ಮೆಕ್ಯಾನಿಕ್ ಹೋಗುವುದೂ ಊರಿನ ಅಂಚಿನ ಆ ಜಾಗಕ್ಕೇ. ಶೇಕಡ ಅರ್ಧ ಎಂಬ ಲೆಕ್ಕ ಇಡೀ ಭೂಮಿಯ ಮೇಲೆ ಸಮವಾಗಿ ಬೀಳುವುದಿಲ್ಲ, ಬಾಗಿಲುಗಳ ಮೇಲೆ ಬೀಳುತ್ತದೆ.

ಗದ್ದಲಕ್ಕೆ ಫಲ ಸಿಕ್ಕಿತು. ಬಜೆಟ್ ಮಸೂದೆಯ ನಿಯಮಕ್ಕೆ ಇದು ಹೊಂದುವುದಿಲ್ಲ ಎಂದು ಸೆನೆಟ್ಟಿನ ನಿಯಮಾಧಿಕಾರಿ ಹೇಳಿದರು, ಪ್ರಸ್ತಾವ ಚಿಕ್ಕದಾಯಿತು, ಜೂನ್ 28ರಂದು ಲೀ ಹಿಂತೆಗೆದುಕೊಂಡರು. ವಿರೋಧಿಸಿದವರಲ್ಲಿ ಪರಿಸರವಾದಿಗಳಿಗೆ ಎಂದೂ ಮತ ಹಾಕದ ಬಂದೂಕುಧಾರಿಗಳೇ ತುಂಬಿದ್ದರು. ಅದಕ್ಕೂ ಮೊದಲು, ಮೇ ತಿಂಗಳಲ್ಲಿ, ಕೆಳಮನೆಯಲ್ಲಿ ನೆವಾಡಾ ಮತ್ತು ಯೂಟಾದ ಸುಮಾರು ಐದು ಲಕ್ಷ ಎಕರೆ ಮಾರುವ ತಿದ್ದುಪಡಿಯನ್ನು ತಡೆದವರಲ್ಲಿ ಮುಂದೆ ನಿಂತವರು ಮೊಂಟಾನಾದ ರಿಪಬ್ಲಿಕನ್ ರಯನ್ ಝಿಂಕಿ, ಟ್ರಂಪ್ ಅವರ ಮೊದಲ ಅವಧಿಯ ಆಂತರಿಕ ಸಚಿವರು. 2017ರಲ್ಲೂ ಇದೇ ನಾಟಕ ನಡೆದಿತ್ತು. 33 ಲಕ್ಷ ಎಕರೆ ಮಾರುವ ಮಸೂದೆ ತಂದ ಯೂಟಾದ ಜೇಸನ್ ಚಾಫೆಟ್ಜ್, ಬೇಟೆಗಾರರ ಸಿಟ್ಟು ನೋಡಿ ಕೆಲವೇ ದಿನಗಳಲ್ಲಿ ಅದನ್ನು ಕೈಬಿಟ್ಟರು. ಕೈಬಿಟ್ಟ ಸುದ್ದಿಯ ಜೊತೆ ಬೇಟೆಯ ಅಂಗಿ ತೊಟ್ಟು ನಾಯಿ ಹಿಡಿದು ನಿಂತ ತಮ್ಮ ಚಿತ್ರವನ್ನೂ ಹಾಕಿದ್ದರು.

ಮಾರಾಟ ಬೇಕೆನ್ನುವವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಐದರಲ್ಲಿ ನಾಲ್ಕು ಪಾಲು ಭೂಮಿ ವಾಷಿಂಗ್ಟನ್ನಿನದಾದರೆ ನೆವಾಡಾದ ಜಿಲ್ಲೆಯೊಂದು ಆಸ್ತಿ ತೆರಿಗೆ ಯಾರಿಂದ ಎತ್ತಬೇಕು? ಅದಕ್ಕಾಗಿ 1976ರಿಂದ ಒಕ್ಕೂಟ ಸರ್ಕಾರ ತೆರಿಗೆಗೆ ಬದಲಾಗಿ ಒಂದಿಷ್ಟು ಹಣ ಕೊಡುತ್ತದೆ, ಅದು ಸಾಲದೆಂಬ ದೂರು ಸದಾ ಇದೆ. ಲಾಸ್ ವೇಗಸ್ ಬೆಳೆಯಲು ಸುತ್ತ ಸರ್ಕಾರಿ ಮರುಭೂಮಿಯೇ ಇತ್ತು. 1998ರಲ್ಲಿ ಅದಕ್ಕೆಂದೇ ಕಾಯ್ದೆ ಮಾಡಿ, ಕಣಿವೆಯೊಳಗೆ ಗೆರೆ ಎಳೆದು, ಹರಾಜಿನ ಹಣದ ಶೇ. 85ನ್ನು ಸಂರಕ್ಷಣೆ, ಉದ್ಯಾನ ಮುಂತಾದವಕ್ಕೆ ಮೀಸಲಿಟ್ಟರು. ಗೆರೆ ಎಲ್ಲಿದೆ, ಹಣ ಎಲ್ಲಿಗೆ ಎಂದು ಮೊದಲೇ ಗೊತ್ತಿದ್ದ ಮಾರಾಟ ಅದು. ಲೀ ಪ್ರಸ್ತಾವದಲ್ಲಿ ಬಂದ ಹಣದ ಬಹುಪಾಲು ಖಜಾನೆಗೆ ಹೋಗುತ್ತಿತ್ತು, ಕಟ್ಟುವ ಮನೆ ಬಡವನ ಕೈಗೆಟುಕಬೇಕೆಂಬ ಕಟ್ಟುಪಾಡೂ ಇರಲಿಲ್ಲ.

ಹೊಳೆ ಎಲ್ಲರದು, ತಳ ಯಾರದು?

ಮೀನಿನವರ ಕಷ್ಟ ಇನ್ನೂ ಸೂಕ್ಷ್ಮ. ಮೊಂಟಾನಾದಲ್ಲಿ 1985ರ ಕಾನೂನಿನಂತೆ ಸೇತುವೆಯಂಥ ಸಾರ್ವಜನಿಕ ಜಾಗದಿಂದ ಹೊಳೆಗೆ ಇಳಿದವನು, ಸಾಮಾನ್ಯವಾಗಿ ನೀರು ಏರುವ ಗುರುತಿನ ಒಳಗೆ ಎಷ್ಟು ದೂರವಾದರೂ ನಡೆಯಬಹುದು, ಎರಡೂ ದಡ ಖಾಸಗಿಯಾದರೂ ಸರಿ. ಗಡಿ ದಾಟಿ ವಯೋಮಿಂಗ್‌ಗೆ ಬಂದರೆ ನೀರು ಎಲ್ಲರದು, ನೀರಿನ ಕೆಳಗಿನ ತಳ ದಡದ ಒಡೆಯನದು. ದೋಣಿಯಲ್ಲಿ ತೇಲಬಹುದು, ತೇಲುತ್ತಲೇ ಗಾಳ ಬೀಸಬಹುದು. ಟ್ರೌಟ್ ಕಚ್ಚಿತೆಂದು ಇಳಿದು ಮೊಣಕಾಲ ನೀರಿನಲ್ಲಿ ನಿಂತರೆ, ಲಂಗರು ಇಳಿಸಿದರೆ, ಅದು ಅತಿಕ್ರಮ. ಹಾಗಾಗಿ ವಯೋಮಿಂಗ್‌ನ ಗಾಳದವನಿಗೆ ದಡದ ಮೇಲಿನ ಒಂದೊಂದು ಸರ್ಕಾರಿ ತುಂಡೂ ಚಿನ್ನ: ಕಾಲೂರುವ ಜಾಗ, ದೋಣಿ ಇಳಿಸುವ ಜಾಗ, ಕೊನೆಗೆ ಮೇಲೆ ಎಳೆದುಕೊಳ್ಳುವ ಜಾಗ. ಎರಡು ತುಂಡುಗಳ ನಡುವಿನ ಅಂತರ ಒಂದು ಹಗಲಿನ ತೇಲುವಿಕೆಗಿಂತ ಹೆಚ್ಚಾದರೆ ಆ ಹೊಳೆ ಅವನ ಪಾಲಿಗೆ ಮುಗಿಯಿತು.

ಸರ್ಕಾರವೇ ಈ ಕಷ್ಟಕ್ಕೆ ಸಿಕ್ಕಿದ್ದೂ ಉಂಟು. ಸೆಮಿನೋ ಜಲಾಶಯಕ್ಕೆ ಮೀನು ಹಿಡಿಯಲು, ಬೇಟೆಗೆ ಹೋಗುವವರಿಗಾಗಿ ಅದು ಒಂದು ಮಣ್ಣಿನ ರಸ್ತೆ ಮಾಡಿತು. ರಸ್ತೆ ಚದುರಂಗದ ಕಪ್ಪು ಮನೆಗಳನ್ನು ಹಾಯಲೇಬೇಕಿತ್ತು. ಅಲ್ಲಿನ ಕುರಿ ಕಂಪನಿ ಕೋರ್ಟಿಗೆ ಹೋಯಿತು. ರೈಲು ಕಂಪನಿಗೆ ನೆಲ ಕೊಟ್ಟಾಗ ಸರ್ಕಾರ ತನಗೆ ದಾರಿಯ ಹಕ್ಕು ಉಳಿಸಿಕೊಂಡಿರಲಿಲ್ಲ, ಈಗ ಕೇಳುವಂತಿಲ್ಲ ಎಂದು 1979ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಜಲಾಶಯ ಇರುವುದು ಕಾರ್ಬನ್ ಕೌಂಟಿಯಲ್ಲಿ, ಎಲ್ಕ್ ಮೌಂಟನ್ ಇರುವ ಕೌಂಟಿಯಲ್ಲೇ.

ರಾಜ್ಯಕ್ಕೆ ಕೊಟ್ಟರೆ?

ಒಕ್ಕೂಟ ಸರ್ಕಾರ ಮಾರುವುದು ಬೇಡ, ರಾಜ್ಯಗಳಿಗೆ ಕೊಡಲಿ ಎಂಬುದು ಕೇಳಲು ಹಿತವಾದ ಮಾತು. ಯೂಟಾ 1.85 ಕೋಟಿ ಎಕರೆ ಕೇಳಿ ನೇರವಾಗಿ ಸುಪ್ರೀಂ ಕೋರ್ಟಿಗೇ ಹೋಯಿತು, 2025ರ ಜನವರಿಯಲ್ಲಿ ಕೋರ್ಟ್ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ರಾಜ್ಯಗಳ ಕೈಗೆ ಹಿಂದೆ ಬಂದ ಭೂಮಿ ಏನಾಯಿತು ಎಂದು ನೋಡಿದರೆ ಬೇಟೆಗಾರರ ಅಳುಕು ಅರ್ಥವಾಗುತ್ತದೆ. ರಾಜ್ಯವಾದಾಗ ಪ್ರತಿಯೊಂದಕ್ಕೂ ಶಾಲೆಗಳ ಖರ್ಚಿಗೆಂದು ಒಂದಿಷ್ಟು ಚೌಕ ಕೊಟ್ಟಿದ್ದರು. ಆ ಟ್ರಸ್ಟ್ ಭೂಮಿಯ ಧರ್ಮವೇ ಹಣ ದುಡಿಯುವುದು. ನೆವಾಡಾ ತನಗೆ ಸಿಕ್ಕ ಸುಮಾರು 27 ಲಕ್ಷ ಎಕರೆಯನ್ನು ಮಾರುತ್ತ ಬಂದು ಈಗ ಉಳಿಸಿಕೊಂಡಿರುವುದು ಮೂರು ಸಾವಿರ ಎಕರೆಯಷ್ಟು. ಕೊಲೊರಾಡೊದಲ್ಲಿ ಟ್ರಸ್ಟ್ ಭೂಮಿ ಉಳಿದಿದೆ, ಆದರೆ ವನ್ಯಜೀವಿ ಇಲಾಖೆ ಗುತ್ತಿಗೆ ಹಿಡಿದ ಭಾಗ ಬಿಟ್ಟರೆ ಉಳಿದಲ್ಲಿ ಬೇಟೆಗಾರನಿಗೆ ಪ್ರವೇಶವಿಲ್ಲ.

ವಯೋಮಿಂಗ್‌ನಲ್ಲಿ ಕೆಲ್ಲಿ ಎಂಬ ಊರಿನ ಬಳಿ ಇಂಥದೊಂದು 640 ಎಕರೆಯ ಚೌಕವಿತ್ತು. ಗ್ರ್ಯಾಂಡ್ ಟೀಟನ್ ಉದ್ಯಾನದ ಅಂಚು, ಪ್ರಾಂಗ್‌ಹಾರ್ನ್ ಎಂಬ ಜಿಂಕೆಯಂಥ ಪ್ರಾಣಿಗಳು ವಲಸೆ ಹೋಗುವ ಹಾದಿ. ಅದನ್ನು ಹರಾಜಿಗೆ ಇಡುವ ಮಾತು ನಡೆಯಿತು. ರಾಜ್ಯದ ಕಡೆಯಿಂದ ನೋಡಿದರೆ ತಪ್ಪೇನಿಲ್ಲ, ಶಾಲೆಗೆ ಹಣ ಬರಬೇಕು. ಜನ ಹಿಡಿದು ನಿಲ್ಲಿಸಿದರು. ಕೊನೆಗೆ 2024ರ ಡಿಸೆಂಬರ್‌ನಲ್ಲಿ 10 ಕೋಟಿ ಡಾಲರ್‌ಗೆ ಉದ್ಯಾನಕ್ಕೇ ಮಾರಾಟವಾಯಿತು, ಅದರಲ್ಲಿ ದಾನಿಗಳ ಹಣವೂ ಸೇರಿತ್ತು. ಒಂದೇ ಒಂದು ಚೌಕವನ್ನು ಸಾರ್ವಜನಿಕವಾಗಿ ಉಳಿಸಿಕೊಳ್ಳಲು ತೆತ್ತ ಬೆಲೆ ಅದು.

ಈಗ ಆವರಣದೊಳಗೆ ಹೇಳಿದ ಸಾಲ ತೀರಿಸಬೇಕು. ಈ ಭೂಮಿಯನ್ನು ರೈಲಿಗೂ ರೈತನಿಗೂ ಕೊಡುವ ಮೊದಲು ಮೂಲನಿವಾಸಿಗಳಿಂದ ಕಿತ್ತುಕೊಂಡಿದ್ದರು. 1868ರಲ್ಲಿ ಕ್ರೋ ಜನರೊಡನೆ, ಶೋಶೋನ್ ಮತ್ತು ಬ್ಯಾನಕ್ ಜನರೊಡನೆ ಮಾಡಿಕೊಂಡ ಒಪ್ಪಂದಗಳಲ್ಲಿ ಒಂದು ಸಾಲು ಉಳಿದಿದೆ: ಅಮೆರಿಕ ಸಂಯುಕ್ತ ಸಂಸ್ಥಾನದ, ಯಾರೂ ನೆಲೆಸಿಲ್ಲದ ಭೂಮಿಯಲ್ಲಿ ಅವರು ಬೇಟೆಯಾಡಬಹುದು. ವಯೋಮಿಂಗ್ ರಾಜ್ಯವಾದ ಮಾತ್ರಕ್ಕೆ ಕ್ರೋ ಜನರ ಈ ಹಕ್ಕು ಅಳಿಯಲಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆದರೆ ಆ ಸಾಲು ನಿಂತಿರುವುದು ಸಂಸ್ಥಾನದ ಭೂಮಿ ಎಂಬ ಎರಡು ಪದಗಳ ಮೇಲೆ. ಮಾರಾಟಪತ್ರಕ್ಕೆ ಸಹಿ ಬಿದ್ದ ದಿನ ಆ ತುಂಡು ಸಂಸ್ಥಾನದ್ದಾಗಿ ಉಳಿಯುವುದಿಲ್ಲ. ಶನಿವಾರದ ಬೇಟೆಗಾರ ಇನ್ನೊಂದು ಕಣಿವೆ ಹುಡುಕಿಕೊಂಡಾನು. ಅಜ್ಜ ಬೇಟೆಯಾಡಿದ ಕಣಿವೆಯ ಮೇಲಿನ ಒಪ್ಪಂದದ ಹಕ್ಕಿಗೆ ಬದಲಿ ಕಣಿವೆ ಎಲ್ಲಿಂದ ಬರಬೇಕು?

ದಾರಿ ತೆರೆಯುವ ಕೆಲಸವೂ ಒಂದು ಕಡೆ ನಡೆದಿದೆ. 2020ರಿಂದ ಭೂಮಿ ಕೊಳ್ಳುವಿಕೆ ಮುಂತಾದವಕ್ಕೆ ವರ್ಷಕ್ಕೆ 90 ಕೋಟಿ ಡಾಲರ್‌ನ ಖಾಯಂ ನಿಧಿ ಇದೆ, ಅದರಲ್ಲಿ ಒಂದು ಸಣ್ಣ ಪಾಲು ಇಂಥ ದಾರಿಗಳಿಗೆಂದೇ ಮೀಸಲು. ಕಚೇರಿಗಳ ಕಡತದಲ್ಲಿ ಕಾಗದವಾಗಿಯೇ ಬಿದ್ದಿರುವ ದಾರಿಯ ಹಕ್ಕುಗಳನ್ನು ಡಿಜಿಟಲ್ ನಕಾಶೆಗೆ ಏರಿಸಬೇಕೆಂದು 2022ರ ಕಾಯ್ದೆಯೊಂದು ಹೇಳಿತು. ಹಕ್ಕು ಇದೆ, ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ ಎಂಬ ಸ್ಥಿತಿ ನಮ್ಮ ತಾಲ್ಲೂಕು ಕಚೇರಿಗಳಿಗಷ್ಟೇ ಸೀಮಿತವಲ್ಲ ನೋಡಿ.

ಏಣಿಯ ಕಥೆ ಬಾಕಿ ಇದೆ. 2023ರಲ್ಲಿ ಜಿಲ್ಲಾ ನ್ಯಾಯಾಲಯ, 2025ರ ಮಾರ್ಚ್‌ನಲ್ಲಿ ಹತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ, ಎರಡೂ ಬೇಟೆಗಾರರ ಪರವಾಗಿ ತೀರ್ಪು ಕೊಟ್ಟವು. ಆಧಾರ ಸಿಕ್ಕಿದ್ದು 1885ರ ಕಾಯ್ದೆಯೊಂದರಲ್ಲಿ. ಸಾರ್ವಜನಿಕ ಹುಲ್ಲುಗಾವಲನ್ನು ದನದ ದೊರೆಗಳು ಬೇಲಿ ಹಾಕಿ ನುಂಗುತ್ತಿದ್ದ ಕಾಲದಲ್ಲಿ, ಸರ್ಕಾರಿ ಭೂಮಿಗೆ ಹೋಗುವವರನ್ನು ತಡೆಯಕೂಡದೆಂದು ಮಾಡಿದ ಕಾನೂನು ಅದು. ನೂರ ನಲವತ್ತು ವರ್ಷದ ಮೇಲೆ ಒಂದು ಏಣಿಗೆ ಊರುಗೋಲಾಯಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಡೆಯರ ಅರ್ಜಿಯನ್ನು ತೆಗೆದುಕೊಳ್ಳಲಿಲ್ಲ, ತೀರ್ಪು ನಿಂತಿತು.

ನಿಂತದ್ದು ಆ ನ್ಯಾಯಾಲಯದ ವ್ಯಾಪ್ತಿಯ ಆರು ರಾಜ್ಯಗಳಲ್ಲಿ: ವಯೋಮಿಂಗ್, ಕೊಲೊರಾಡೊ, ಯೂಟಾ, ನ್ಯೂ ಮೆಕ್ಸಿಕೊ, ಕ್ಯಾನ್ಸಾಸ್, ಓಕ್ಲಹೋಮ. ಮೊಂಟಾನಾ ಇನ್ನೊಂದು ಸರ್ಕಿಟ್‌ಗೆ ಸೇರುತ್ತದೆ. ಅಲ್ಲಿನ ಅಧಿಕಾರಿಗಳು ಮೂಲೆ ದಾಟುವುದು ಈಗಲೂ ಕಾನೂನುಬಾಹಿರ ಎನ್ನುತ್ತಾರೆ. ಬೇಟೆಗಾರನ ಮೊಬೈಲ್ ನಕಾಶೆಯಲ್ಲಿ ಎರಡೂ ರಾಜ್ಯಗಳ ಚೌಕಗಳಿಗೆ ಒಂದೇ ಬಣ್ಣ. ಗಡಿ ದಾಟಿ ಮೊಂಟಾನಾಕ್ಕೆ ಬಂದವನು ಹೊಳೆಗೆ ಇಳಿದು ಎಷ್ಟು ಮೈಲಿ ಬೇಕಾದರೂ ನಡೆಯಬಹುದು, ಏಣಿಯನ್ನು ಮಾತ್ರ ಗಾಡಿಯಲ್ಲೇ ಬಿಟ್ಟಿರಬೇಕು.